ದಿನಾ ಬೆಳಿಗ್ಗೆ ಒಂದು ಸಾಲು

ಅವರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ತೀರಿಕೊಂಡವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನನ್ನ ಅತ್ತೆ ಹೇಳುತ್ತಾರೆ. ಅವರ ಪಕ್ಕದ ಮೇಜಿನಲ್ಲಿ ಕೂತು ಅತ್ತೆ ಒಂದು ವಾರ ಕೆಲಸ ಮಾಡಿದ್ದರೆ ಈ ಮಾತು ಹೇಳುತ್ತಿರಲಿಲ್ಲ. ನಾನು ನಾಲ್ಕು ವರ್ಷ ಕೂತಿದ್ದೇನೆ.

ದೆಹಲಿಯ ಜನಕಪುರಿ ಮಾರ್ಕೆಟ್ಟಿನಲ್ಲಿ, ಮಿಠಾಯಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಡಿಪ್ಲೊಮಾದಲ್ಲಿ ಗಣಿತವನ್ನೋ ಇನ್ನೊಂದನ್ನೋ ಬಾಕಿ ಉಳಿಸಿಕೊಂಡು ಕೆಲಸಕ್ಕೆ ಸೇರಿದವರಿಗೆ ನಾವು ಆನ್‌ಲೈನಿನಲ್ಲಿ ಪಾಠ ನಡೆಸುತ್ತೇವೆ. ಹೆಚ್ಚಿನವರು ಮಾನೇಸರಿನ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗ ಹುಡುಗಿಯರು. ಕ್ಲಾಸುಗಳ ಉಸ್ತುವಾರಿ ನನ್ನದು, ಸರ್ವರಿನ ಉಸ್ತುವಾರಿ ಅವರದು. ಅವರು ಕೊಡಗಿನವರು; ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ಸುಬೇದಾರರಾಗಿ ನಿವೃತ್ತರಾಗಿ, ಕಂಪ್ಯೂಟರ್ ಕಲಿತು ಎರಡನೇ ನೌಕರಿಗೆ ಬಂದವರು. ಆಫೀಸಿನಲ್ಲಿ ಉಳಿದವರಿಗೆಲ್ಲ ಅವರು ‘ಸಾಬ್’, ನನಗೆ ‘ಸರ್’. ಇಬ್ಬರೂ ಕನ್ನಡದವರು, ಮಾತಿಗೆ ಜೊತೆಯಾಗಲಿ ಎಂದು ಮಾಲೀಕರು ನಮ್ಮ ಮೇಜುಗಳನ್ನು ಪಕ್ಕಪಕ್ಕದಲ್ಲಿ ಹಾಕಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿಸಿದರು, ಪಾಪ.

ಮಾತಿಗೇನೂ ಬರವಿರಲಿಲ್ಲ. ಮೆಟ್ರೊದಲ್ಲಿ ಕಂಡ ಮುಖದಿಂದ ಹಿಡಿದು ಲಡಾಖಿನ ಸೀಮೆಎಣ್ಣೆ ಒಲೆಯವರೆಗೆ ಅವರ ಮಾತು ಹರಿದದ್ದೇ ಹರಿದದ್ದು. ಆದರೆ ಮಾತೊಂದನ್ನು ಬಿಟ್ಟು ಜಗತ್ತಿನಲ್ಲಿ ಉಳಿದ ಎಲ್ಲದಕ್ಕೂ ಅವರು ಮಿತಿ ಹಾಕುತ್ತಿದ್ದರು. ಚಾಯ್ ಭಯ್ಯಾ ಕೆಟಲ್ ತಂದರೆ ಅದನ್ನು ಅವನ ಕೈಯಿಂದ ಇಸಕೊಂಡು, ಪ್ರತಿಯೊಬ್ಬರ ಲೋಟಕ್ಕೂ ಅರ್ಧ ಅರ್ಧ ತಾವೇ ಬಗ್ಗಿಸುತ್ತಿದ್ದರು. ಎಲ್ಲರಿಗೂ ಸಿಕ್ಕ ಮೇಲೆ ಎರಡನೇ ಸುತ್ತು. ಅಷ್ಟರಲ್ಲಿ ಮೊದಲ ಅರ್ಧ ಹೊಟ್ಟೆ ಸೇರಿ ಎರಡನೆಯದು ಆರಿರುತ್ತಿತ್ತು. “ಸರ್, ಒಂದೇ ಸಲ ಲೋಟ ತುಂಬಿಸಿಬಿಡಿ, ಪುಣ್ಯ ಬರತ್ತೆ” ಎಂದರೆ, “ಕಡೇಲಿ ಕೂತವನಿಗೆ ಸಾಲದೇ ಹೋದ್ರೆ?” ಎನ್ನುತ್ತಿದ್ದರು. ನಾವಿದ್ದದ್ದು ಆರು ಜನ. ಕೆಟಲಿನಲ್ಲಿ ಹತ್ತು ಜನಕ್ಕಾಗುವಷ್ಟು ಚಹಾ. ಯಾರಿಗೆ ಹೇಳುವುದು.

ಇದೇ ಬುದ್ಧಿ ಸರ್ವರಿಗೂ. ನಮ್ಮ ಸರ್ವರ್ ಎಂದರೆ ಆಫೀಸಿನ ಮೂಲೆಯಲ್ಲಿಟ್ಟ ಪೆಟ್ಟಿಗೆಯಲ್ಲ. ಎಲ್ಲೋ ಇರುವ ದೊಡ್ಡ ಯಂತ್ರವೊಂದರಲ್ಲಿ ಒಂದು ಪಾಲನ್ನು ಬಾಡಿಗೆಗೆ ಹಿಡಿದಿದ್ದೇವೆ; ವರ್ಚುವಲ್ ಸರ್ವರ್ ಎನ್ನುತ್ತಾರೆ. ಅದರಲ್ಲಿ ಎರಡು ಅಪ್ಲಿಕೇಶನ್‌ಗಳು ಓಡುತ್ತವೆ. ಮೇಷ್ಟರು ಮಾಡುವ ಪಾಠವನ್ನು ಆಗಿಂದಾಗಲೇ ವಿದ್ಯಾರ್ಥಿಗಳ ಫೋನಿಗೆ ಮುಟ್ಟಿಸುವುದು ಒಂದು. ಮುಗಿದ ಪಾಠದ ರೆಕಾರ್ಡಿಂಗನ್ನು ತಪ್ಪಿಸಿಕೊಂಡವರಿಗೆ ಆಮೇಲೆ ಕಳಿಸುವುದು ಇನ್ನೊಂದು. ಎರಡಕ್ಕೂ ಹೊರಗೆ ಹೋಗಲು ಇರುವುದು ಒಂದೇ ದಾರಿ. ರೆಕಾರ್ಡಿಂಗಿಗೆ ಬಕಾಸುರನ ಹಸಿವು, ಬಿಟ್ಟರೆ ದಾರಿಯನ್ನೆಲ್ಲ ತಾನೇ ನುಂಗುತ್ತದೆ. ಆಗ ನಡೆಯುತ್ತಿರುವ ಪಾಠ ಉಸಿರು ಕಟ್ಟಿದಂತಾಗಿ ಮೇಷ್ಟರ ಮಾತು ತುಂಡು ತುಂಡಾಗುತ್ತದೆ.

ಸರ್ ಇದನ್ನು ನಮಗೆಲ್ಲ ಜನಕಪುರಿಯ ನೀರಿನಿಂದ ವಿವರಿಸುತ್ತಿದ್ದರು. “ಬೆಳಿಗ್ಗೆ ನೀರು ಬಿಡ್ತಾರೆ. ಕೆಳಗಿನ ಮನೆಯವ ಪೈಪಿಗೇ ಮೋಟರ್ ಹಾಕ್ತಾನೆ. ಮೂರನೇ ಮಹಡಿಯವಳು ಬಕೆಟ್ ಇಟ್ಟು ಕಾಯ್ತಾ ಇರ್ತಾಳೆ. ತಪ್ಪು ನೀರಿನದ್ದಲ್ಲಮ್ಮ, ಮೋಟರಿನದ್ದು. ಮೋಟರಿಗೆ ಮಿತಿ ಹಾಕಬೇಕು.” ಹಾಗೆಂದು ರೆಕಾರ್ಡಿಂಗ್ ಕಳಿಸುವ ಅಪ್ಲಿಕೇಶನ್ ಇಷ್ಟೇ ವೇಗದಲ್ಲಿ ಹೊರಗೆ ಕಳಿಸಬೇಕು, ಅದಕ್ಕಿಂತ ಹೆಚ್ಚು ಕೂಡದು ಎಂದು ಸರ್ವರಿಗೆ ಅಪ್ಪಣೆ ಕೊಡುತ್ತಿದ್ದರು. ಒಂದೇ ಸಾಲಿನ ಅಪ್ಪಣೆ. ಅದನ್ನು ಹಾಕಿದರೆ ಪಾಠ ನೀರು ಕುಡಿದಷ್ಟು ಸಲೀಸು. ರೆಕಾರ್ಡಿಂಗ್ ಮಾತ್ರ ತೆವಳಿಕೊಂಡು ಹೋಗಿ ಸಂಜೆಗೋ ಮರುದಿನಕ್ಕೋ ತಲುಪುತ್ತಿತ್ತು.

ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಮುಂದಿನದಕ್ಕೆ. ನಮ್ಮ ಸರ್ವರ್ ದಿನಾ ಬೆಳಗಿನ ಜಾವ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಆದಾಗಲೆಲ್ಲ ಸರ್ ಹಾಕಿದ ಮಿತಿ ಅಳಿಸಿಹೋಗುತ್ತಿತ್ತು. ಹಾಗೆ ಅಳಿಸದಿರಲು ಆ ಸಾಲನ್ನು ಸ್ಟಾರ್ಟಪ್ ಫೈಲಿನಲ್ಲಿ ಒಮ್ಮೆ ಬರೆದಿಟ್ಟರೆ ಸಾಕು, ಸರ್ವರ್ ಎದ್ದ ಕೂಡಲೇ ತಾನೇ ಓದಿಕೊಳ್ಳುತ್ತದೆ. ಇದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಕೆಳಗಿನ ಮಿಠಾಯಿ ಅಂಗಡಿಯವನಿಗೂ ಗೊತ್ತಿತ್ತೋ ಏನೋ, ಅಷ್ಟು ಸಲ ನಾನು ಗಂಟಲು ಹರಿದುಕೊಂಡಿದ್ದೇನೆ. ಅವರು ಬರೆಯುತ್ತಿರಲಿಲ್ಲ. ಬೆಳಿಗ್ಗೆ ಏಳೂವರೆಗೆ ಮೊದಲ ಕ್ಲಾಸು. ಅದಕ್ಕಾಗಿ ಲೋಧಿ ಕಾಲೋನಿಯ ಮಗಳ ಸರ್ಕಾರಿ ಕ್ವಾರ್ಟರ್ಸಿನಿಂದ ಕತ್ತಲಲ್ಲೇ ಹೊರಟು, ಮೆಟ್ರೊ ಬದಲಾಯಿಸಿ, ಇಲ್ಲಿಗೆ ಬಂದು, ಕೀಬೋರ್ಡನ್ನು ಕರ್ಚೀಫಿನಿಂದ ಒರೆಸಿ, ಕನ್ನಡಕ ಏರಿಸಿ ಆ ಒಂದು ಸಾಲನ್ನು ಕೈಯಾರೆ ಟೈಪ್ ಮಾಡುತ್ತಿದ್ದರು. ಸಂಧ್ಯಾವಂದನೆ ಮಾಡುವವರೂ ಅಷ್ಟು ಶ್ರದ್ಧೆಯಿಂದ ಮಾಡುವುದಿಲ್ಲ.

“ಹೋಗಲಿ, ಮನೆಯಿಂದಾದ್ರೂ ಹಾಕಬಹುದಲ್ಲ ಸರ್?”

“ಹೊರಗಿಂದ ಸರ್ವರ್ ಒಳಗೆ ಬರೋದನ್ನ ನಾನೇ ಮುಚ್ಚಿದ್ದೇನಲ್ಲ. ಸೆಕ್ಯುರಿಟಿ.”

“ನಿಮಗೊಬ್ಬರಿಗೆ ತೆರೆದಿಟ್ಟುಕೊಳ್ಳಿ.”

“ನನಗೊಬ್ಬನಿಗೆ ತೆರೆದ್ರೆ ಅದು ಸೆಕ್ಯುರಿಟಿಯಾ?”

ಹಣೆ ಹಣೆ ಚಚ್ಚಿಕೊಳ್ಳಬೇಕು.

ಯಾಕೆ ಬರೆದಿಡುವುದಿಲ್ಲ ಎಂದು ಕೇಳಿದರೆ ಬೀಗದ ಕಥೆ ಬರುತ್ತಿತ್ತು. ಹಿಮದ ನಡುವಿನ ಯಾವುದೋ ಪೋಸ್ಟಿನಲ್ಲಿ ಇವರ ಜೊತೆಯವನೊಬ್ಬ ಬ್ಯಾಟರಿ ಪೆಟ್ಟಿಗೆಗೆ ತನ್ನ ಸ್ವಂತ ಬೀಗ ಜಡಿದು, ಕೀಲಿ ಜೇಬಿನಲ್ಲಿಟ್ಟುಕೊಂಡು ರಜೆಗೆ ಹೋಗಿಬಿಟ್ಟಿದ್ದನಂತೆ. ವೈರ್‌ಲೆಸ್ ಸೆಟ್ಟು ಸತ್ತಾಗ ಇವರು ಮರಗಟ್ಟಿದ ಕೈಯಲ್ಲಿ ಕೊಡಲಿ ಹಿಡಿದು ಪೆಟ್ಟಿಗೆ ಒಡೆಯಬೇಕಾಯಿತಂತೆ. “ಅವತ್ತೇ ತೀರ್ಮಾನ ಮಾಡಿದ್ದು. ನಾನು ಹಾಕಿದ ಬೀಗ ನಾನಿಲ್ಲದಾಗ ಇರಕೂಡದು. ಹಾಕಿದವನು ಎದುರಿಗಿರಬೇಕು. ನಾಳೆ ನಾನು ಬರಲಿಲ್ಲ ಅಂತಿಟ್ಕೊ, ಸುಮ್ನೆ ರೀಸ್ಟಾರ್ಟ್ ಮಾಡು, ನನ್ನ ಕಟ್ಟುಪಾಡೆಲ್ಲ ತಾನೇ ಬಿದ್ದುಹೋಗ್ತದೆ. ಯಾರೂ ಕೊಡಲಿ ಹುಡುಕಬೇಕಿಲ್ಲ.” ಕಥೆ ಚೆನ್ನಾಗಿತ್ತು, ಮೊದಲ ಸಲ ನಾನೂ ತಲೆದೂಗಿದ್ದೆ. ಇಪ್ಪತ್ತನೇ ಸಲ ಕೇಳುವಾಗ ಆ ಕೊಡಲಿ ನನ್ನ ಕೈಗೇ ಸಿಕ್ಕಿದ್ದರೆ ಎನಿಸುತ್ತಿತ್ತು.

ಮೆಟ್ರೊ ಇವರ ತತ್ವ ಕೇಳಿಕೊಂಡು ಓಡುವುದಿಲ್ಲವಲ್ಲ. ಒಂದೊಂದು ದಿನ ತಡವಾಗುತ್ತಿತ್ತು. ಆ ದಿನಗಳಲ್ಲಿ ನನಗೆ ಬರುವ ಮೊದಲ ಫೋನು ರೇಷ್ಮಾಳದು.

ರೇಷ್ಮಾ ಬೀದರಿನ ಕಡೆಯ ಹುಡುಗಿ. ಮಾನೇಸರಿನಲ್ಲಿ ಕಾರಿನ ವೈರುಗಳನ್ನು ಜೋಡಿಸುವ ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸ. ಡಿಪ್ಲೊಮಾದಲ್ಲಿ ಗಣಿತ ಒಂದೇ ಉಳಿದಿತ್ತು, ಮತ್ತು ಅದನ್ನು ಬರೆಯಲು ಉಳಿದದ್ದು ಒಂದೇ ಅವಕಾಶ. ಪಾಸಾದರೆ ಕಾರ್ಖಾನೆಯಲ್ಲಿ ಕಾಯಂ ಆಗಿ ತೆಗೆದುಕೊಳ್ಳುತ್ತೇವೆಂದಿದ್ದರು. ಇಲ್ಲವಾದರೆ ಗುತ್ತಿಗೆ ಮುಗಿದು ಊರಿಗೆ. ಊರಿನಲ್ಲಿ ಮದುವೆಗೆ ಗಂಡು ನೋಡಿಟ್ಟು ಕಾಯುತ್ತಿದ್ದರು. ಅವಳು ಕನ್ನಡದಲ್ಲಿ ಮಾತಾಡುವುದು ನನ್ನೊಬ್ಬಳ ಹತ್ತಿರ. ಪಾಳಿಗೆ ಹೋಗುವ ಬಸ್ಸಿನಲ್ಲಿ ಕಿವಿಗೆ ಫೋನು ಸಿಕ್ಕಿಸಿಕೊಂಡು ಪಾಠ ಕೇಳುತ್ತಿದ್ದಳು.

ದೀಪಾವಳಿಗೆ ಇನ್ನೂ ವಾರವಿದ್ದಾಗ ಒಂದು ಬೆಳಿಗ್ಗೆ ಮೆಟ್ರೊ ಕೆಟ್ಟು ನಿಂತಿತು. ಏಳೂವರೆಯಾಯಿತು, ಸರ್ ಪತ್ತೆಯಿಲ್ಲ. ಪಾಠ ಶುರುವಾಯಿತು, ಹಿಂದೆಯೇ ಫೋನು.

“ಮೇಡಂ, ಆವಾಜ್ ಕಟ್ ಆಗ್ಲಕತ್ತದ್ರಿ. ಮಾಸ್ತರ್ ಏನ್ ಹೇಳ್ಲಕತ್ತಾರ ಒಂದೂ ತಿಳೀವಲ್ದು. ಇದೇ ನಂಗ ಬರಲಾರದ ಪಾಠ ನೋಡ್ರಿ.” ಹುಡುಗಿ ಬಸ್ಸಿನಲ್ಲೇ ಅಳತೊಡಗಿದಳು.

ಪಾಠ ಮುಗಿಯುವ ಹೊತ್ತಿಗೆ ಸರ್ ಮೆಟ್ಟಿಲು ಹತ್ತಿ ಬಂದರು. ಬಂದವರೇ ಮೆಟ್ರೊದಲ್ಲಿ ಏನಾಯಿತೆಂದು ಹೇಳತೊಡಗಿದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

“ಸರ್, ನಿಮ್ಮ ಬೀಗದ ಕಥೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಆ ಹುಡುಗಿಗೆ ಇದು ಕೊನೇ ಚಾನ್ಸು. ಬಸ್ಸಲ್ಲಿ ನಿಂತ್ಕೊಂಡು ಅಳ್ತಿದ್ಳು. ನಿಮಗೆ ನಿಮ್ಮ ತತ್ವ ದೊಡ್ಡದು, ಅಲ್ವಾ?”

ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. “ಅಚ್ಛಾ” ಎಂದರು. ಅಷ್ಟೇ. ಆ ದಿನ ಸಂಜೆಯವರೆಗೂ ಕೀಬೋರ್ಡಿನ ಮೇಲೆ ಬಗ್ಗಿಯೇ ಇದ್ದರು. ಚಹಾವನ್ನೂ ಬಗ್ಗಿಸಲಿಲ್ಲ, ಚಾಯ್ ಭಯ್ಯಾ ಗಾಬರಿಯಾಗಿ, ಸಾಬ್‌ಗೆ ಹುಷಾರಿಲ್ಲವಾ ಎಂದು ನನ್ನನ್ನು ಕೇಳಿದ.

ಮರುದಿನದಿಂದ ಎಲ್ಲ ಮೊದಲಿನಂತೆ. ಏಳು ಗಂಟೆಗೆ ಬಂದರು, ಕರ್ಚೀಫು, ಕನ್ನಡಕ, ಟೈಪಿಂಗು. ನನ್ನ ಮಾತು ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು ಎಂದುಕೊಂಡು ಸುಮ್ಮನಾದೆ. ಆಮೇಲೆ ಪಾಠ ಒಮ್ಮೆಯೂ ಕಡಿಯಲಿಲ್ಲ ಎನ್ನುವುದು ನಿಜ. ಮೊದಲ ಮೆಟ್ರೊಗೇ ಹೊರಡುತ್ತಿದ್ದಾರೆ, ಅಷ್ಟಾದರೂ ಬುದ್ಧಿ ಬಂತಲ್ಲ ಎಂದುಕೊಂಡೆ.

ದೀಪಾವಳಿ ಕಳೆದ ಮೇಲೆ ದೆಹಲಿಯ ಗಾಳಿ ಹೇಗಿರುತ್ತದೆಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಅವರಿಗೆ ಕೆಮ್ಮು ಹಿಡಿಯಿತು. ಮೂರು ಮೆಟ್ಟಿಲಿಗೊಮ್ಮೆ ನಿಂತು ಹತ್ತುತ್ತಿದ್ದರು. ಮಾಸ್ಕು, ಅದರ ಮೇಲೊಂದು ಮಫ್ಲರು, ಅದರೊಳಗಿಂದ ಮಾತು.

“ಮನೇಲಿರಿ ಸರ್, ದಮ್ಮಯ್ಯ. ಈ ಹೊಗೇಲಿ ಯಾಕೆ ಬರ್ತೀರಿ?”

“ಸಾಲು ಯಾರು ಹಾಕ್ತಾರೆ?”

“ನಂಗೆ ಹೇಳ್ಕೊಡಿ, ನಾನೇ ಹಾಕ್ತೀನಿ.”

“ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರೆ?” ಎಂದು ಕೆಮ್ಮಿ, ಕೆಮ್ಮಿ, ಕಣ್ಣೊರೆಸಿಕೊಂಡು ಮತ್ತೆ ಕೀಬೋರ್ಡಿನ ಮೇಲೆ ಬಗ್ಗಿದರು. ಇಂಥವರಿಗೆ ಏನು ಹೇಳುವುದು ನೀವೇ ಹೇಳಿ.

ಕೊನೆಗೆ ಆಸ್ಪತ್ರೆಗೆ ಸೇರಿಸಿದರು. ಆಗ ಬೇರೆ ದಾರಿಯಿಲ್ಲದೆ ಫೋನಿನಲ್ಲಿ ಆ ಸಾಲನ್ನು ನನಗೆ ಅಕ್ಷರ ಅಕ್ಷರವಾಗಿ ಬರೆಸಿದರು. ನಾನು ಮರುದಿನ ಬೆಳಿಗ್ಗೆ ಹೆದರುತ್ತಲೇ ಟೈಪ್ ಮಾಡಿದೆ. ಸರ್ವರ್ ಏನೋ ಗೊಣಗಿತು. ಅವರಿಗೆ ಫೋನು ಮಾಡಿದೆ. “ಸರ್, ಇದು ಆಗಲೇ ಇದೆ ಅಂತಿದೆ.”

“ಹಾಗೇ ಅನ್ನೋದು ಅದು. ಮುದುಕರು ಗೊಣಗೋದಿಲ್ವ, ಹಾಗೆ. ಪಾಠ ಸರಿ ಬರ್ತಾ ಉಂಟಾ?”

“ಬರ್ತಿದೆ.”

“ಮತ್ತೆ? ದಿನಾ ಹಾಕು. ತಪ್ಪಿಸಬೇಡ.”

ಅದೇ ನಾವಿಬ್ಬರು ಆಡಿದ ಕೊನೆಯ ಮಾತು. ಆ ವಾರದಲ್ಲೇ ಹೋಗಿಬಿಟ್ಟರು. ನಾನು ಅತ್ತುಬಿಟ್ಟೆ, ಸುಳ್ಳೇಕೆ. ಪಕ್ಕದ ಮೇಜು ಸುಮ್ಮನಿರುವುದನ್ನು ಕೇಳಿಸಿಕೊಳ್ಳಲಾಗದೆ ಕೆಲವು ದಿನ ರೇಡಿಯೊ ಹಾಕಿಕೊಂಡೆ. ಬೆಳಿಗ್ಗೆ ಏಳಕ್ಕೆ ಹೋಗಿ ಅವರ ಕುರ್ಚಿಯಲ್ಲಿ ಕೂತು ಆ ಸಾಲನ್ನು ಹಾಕುವುದನ್ನು ಮಾತ್ರ ಬಿಡಲಿಲ್ಲ. ಸರ್ವರ್ ದಿನಾ ಗೊಣಗುತ್ತಿತ್ತು, ನಾನೂ ದಿನಾ ಗೊಣಗುತ್ತಿದ್ದೆ.

ಪರೀಕ್ಷೆ ಬಂತು. ಕಾರ್ಖಾನೆಯಲ್ಲಿ ಕೊನೆಯ ವಾರ ಎರಡೆರಡು ಪಾಳಿ ಮಾಡಿಸಿ ರೇಷ್ಮಾಳಿಗೆ ಒಂದು ಪಾಠವನ್ನೂ ಕೇಳಗೊಟ್ಟಿರಲಿಲ್ಲ. ಪರೀಕ್ಷೆಯ ಹಿಂದಿನ ದಿನ ರಜೆ ಕೊಟ್ಟರು. ಮಧ್ಯಾಹ್ನ ಫೋನು ಮಾಡಿದಳು. “ಮೇಡಂ, ಹೋದ ವಾರದ್ದು ಒಂದೂ ರೆಕಾರ್ಡಿಂಗ್ ಬಂದಿಲ್ರಿ. ಇವತ್ತ ನೋಡಲಿಲ್ಲಂದ್ರ ಮುಗೀತ್ರಿ ನನ್ ಕಥಿ.”

ನೋಡಿದರೆ ಹೌದು, ಆ ವಾರ ಪಾಠಗಳು ಹೆಚ್ಚಾಗಿ ರೆಕಾರ್ಡಿಂಗುಗಳೆಲ್ಲ ಸಾಲುಗಟ್ಟಿ ನಿಂತು ಒಂದೊಂದೇ ತೆವಳುತ್ತಿವೆ. ಈ ಲೆಕ್ಕದಲ್ಲಿ ಅವಳದು ತಲುಪುವುದು ಪರೀಕ್ಷೆ ಮುಗಿದ ಮೇಲೆ. ಆದರೆ ನಾನು ಹೆದರಲಿಲ್ಲ. ಆ ದಿನ ಪಾಠಗಳಿರಲಿಲ್ಲ, ಮಿತಿಯ ಅಗತ್ಯವೂ ಇರಲಿಲ್ಲ. ತೆಗೆಯುವುದು ಹೇಗೆಂದು ಸರ್ ಇಪ್ಪತ್ತು ಸಲ ಹೇಳಿದ್ದರಲ್ಲ, ರೀಸ್ಟಾರ್ಟ್ ಮಾಡು, ಬಿದ್ದುಹೋಗ್ತದೆ ಎಂದು. “ಹತ್ತು ನಿಮಿಷ ತಡಿಯವ್ವ” ಎಂದು ರೇಷ್ಮಾಳಿಗೆ ಹೇಳಿ ರೀಸ್ಟಾರ್ಟ್ ಮಾಡಿದೆ. ಸಾಲು ಹಾಕಲಿಲ್ಲ.

ರೆಕಾರ್ಡಿಂಗುಗಳು ತೆವಳುತ್ತಲೇ ಇದ್ದವು. ಮತ್ತೆ ರೀಸ್ಟಾರ್ಟ್. ಮತ್ತೆ ತೆವಳಾಟ. ಮೂರನೆಯ ಸಲವೂ ಹಾಗೇ ಆಯಿತು. ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಗೆ ಫೋನು ಮಾಡಿ, ನಿಮ್ಮ ಕಡೆ ಏನೋ ಕೆಟ್ಟಿದೆ ಎಂದು ಹಿಂದಿಯಲ್ಲಿ ಕೂಗಾಡಿದೆ. ಆ ಕಡೆಯವನು ನಿಧಾನಸ್ಥ. ನಮ್ಮ ಕಡೆ ಎಲ್ಲ ಸರಿ ಇದೆ ಮೇಡಂ, ನಿಮ್ಮ ಸ್ಟಾರ್ಟಪ್ ಫೈಲ್ ತೆರೆದು ನೋಡಿ, ಯಾರಾದರೂ ಮಿತಿ ಬರೆದಿಟ್ಟಿರಬಹುದು ಎಂದ.

“ಸಾಧ್ಯವೇ ಇಲ್ಲ ಭಯ್ಯಾ. ಅದನ್ನು ನೋಡಿಕೊಳ್ಳುತ್ತಿದ್ದವರು ಪ್ರಾಣ ಹೋದರೂ ಅಲ್ಲಿ ಬರೆಯುತ್ತಿರಲಿಲ್ಲ” ಎಂದೆ.

ಆದರೂ ನೋಡಿ ಎಂದ. ಹೇಗೆಂದು ಅವನು ಹೇಳುತ್ತಾ ಹೋದ, ನಾನು ತೆರೆದೆ. ಫೈಲಿನ ಕೊನೆಯಲ್ಲಿ ಇತ್ತು. ದಿನಾ ಬೆಳಿಗ್ಗೆ ನಾನು ಟೈಪ್ ಮಾಡುತ್ತಿದ್ದ ಅದೇ ಸಾಲು, ಅಕ್ಷರಕ್ಕೆ ಅಕ್ಷರ. ಬರೆದ ದಿನಾಂಕ ನೋಡಿದೆ. ದೀಪಾವಳಿಗೆ ಮುಂಚೆ. ನಾನು ಜಗಳವಾಡಿದ ದಿನ.

ಅಯ್ಯೋ ಮಹಾನುಭಾವ! ಬರೆದೆ ಎಂದು ಒಂದು ಮಾತು ಹೇಳಿದ್ದರೆ ಗಂಟು ಹೋಗುತ್ತಿತ್ತೇ? ಬೆಳಗಾದರೆ ಬೀಗ, ಬೈಗಾದರೆ ಬೀಗ ಎಂದು ನಾಲ್ಕು ವರ್ಷ ನನ್ನ ತಲೆ ತಿಂದು, ನಾನು ನಂಬುವ ಹೊತ್ತಿಗೆ ಅವರೇ ಬೀಗ ಜಡಿದು ಕೀಲಿ ಜೇಬಿಗೆ ಹಾಕಿಕೊಂಡು ನಡೆದುಬಿಟ್ಟಿದ್ದರು. ಬೈಯಬೇಕೆಂದು ಪಕ್ಕಕ್ಕೆ ತಿರುಗಿದೆ. ಬೈಸಿಕೊಳ್ಳಲು ಅಲ್ಲಿ ಯಾರಿದ್ದಾರೆ.

ಆ ಸಾಲನ್ನು ಅಳಿಸುವಾಗ ಕೈ ಒಂದು ಕ್ಷಣ ಹಿಂಜರಿಯಿತು. ಆಮೇಲೆ ರೇಷ್ಮಾಳ ನೆನಪಾಗಿ ಅಳಿಸಿದೆ, ರೀಸ್ಟಾರ್ಟ್ ಮಾಡಿದೆ. ಸ್ವಲ್ಪ ಹೊತ್ತಿಗೆ “ಬರ್ಲಕತ್ತಾವ್ರಿ ಮೇಡಂ, ಎಲ್ಲಾ ಬರ್ಲಕತ್ತಾವ” ಎಂದು ಅವಳ ದನಿ ಕೇಳಿತು. ಸಂಜೆಯೆಲ್ಲ ಕೂತು ನೋಡಿದಳಂತೆ. ಪರೀಕ್ಷೆ ಬರೆದಳು, ಪಾಸಾದಳು. ಕಾಯಂ ಆಯಿತು.

ನನಗೆ ಮಾತ್ರ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಆ ಸಾಲು ಫೈಲಿನಲ್ಲೇ ಇತ್ತೆಂದರೆ, ಜಗಳದ ಮರುದಿನದಿಂದ ಅವರು ಬರುವ ಅಗತ್ಯವೇ ಇರಲಿಲ್ಲ. ಹೊಗೆ ಕುಡಿಯುತ್ತಾ, ಕೆಮ್ಮುತ್ತಾ, ಕತ್ತಲಲ್ಲಿ ಬಂದು, ಕೀಬೋರ್ಡ್ ಒರೆಸಿ ಅವರು ಟೈಪ್ ಮಾಡುತ್ತಿದ್ದದ್ದಾದರೂ ಏನು? ನನ್ನೆದುರು ಸೋತದ್ದು ಗೊತ್ತಾಗಬಾರದೆಂದೇ? ಅಥವಾ ಬರಲು ಒಂದು ನೆಪ ಬೇಕಿತ್ತೇ? ಎರಡರಲ್ಲಿ ಯಾವುದೇ ಆಗಿದ್ದರೂ ನನಗೆ ಮೈ ಉರಿಯುತ್ತಿತ್ತು. ಇಂಥ ಹಟಕ್ಕೆ ಯಾರಾದರೂ ಶ್ವಾಸಕೋಶ ತೆರುತ್ತಾರೆಯೇ?

ರೇಷ್ಮಾ ಮಿಠಾಯಿ ತಂದು, “ಸಾಬ್‌ರ ಮನಿಗೂ ಮುಟ್ಟಸ್ರಿ” ಎಂದಿದ್ದಳು. ಒಂದು ಭಾನುವಾರ ಲೋಧಿ ಕಾಲೋನಿಗೆ ಹೋದೆ. ಹಳೆಯ ಸರ್ಕಾರಿ ಮನೆ, ಬಾಗಿಲ ಮುಂದೆ ಬೇವಿನ ಮರ. ಅವರ ಹೆಂಡತಿ ಬಾಗಿಲು ತೆರೆದರು. ಮಗಳು ಮನೆಯಲ್ಲಿರಲಿಲ್ಲ. ನನ್ನನ್ನು ಕೂರಿಸಿ, ಕಾಫಿ ಕೊಟ್ಟು, ಮಿಠಾಯಿಯ ಡಬ್ಬಿಯನ್ನು ಮಡಿಲಲ್ಲಿ ಹಿಡಿದುಕೊಂಡು ಎದುರಿಗೆ ಕೂತರು.

“ಡಾಕ್ಟರು ಬೆಳಗ್ಗಿನ ಹೊತ್ತು ಹೊರಗೆ ಕಾಲಿಡಲೇಬಾರದು ಅಂದಿದ್ರು,” ಎಂದರು. “ಕೇಳಬೇಕಲ್ಲ. ಮಗಳು ಒಂದಿನ ಬೂಟು ಬಚ್ಚಿಟ್ಳು, ಚಪ್ಪಲೀಲೇ ಹೋದ್ರು. ‘ನಾನು ಹೋಗಿ ಆ ಒಂದು ಸಾಲು ಹಾಕದಿದ್ರೆ ಅಷ್ಟು ಮಕ್ಕಳ ಕ್ಲಾಸು ನಿಂತುಹೋಗ್ತದೆ’ ಅಂತ ಒಂದೇ ಮಾತು. ಮಗಳಿಗೆ ಅಪ್ಪನ ಮೇಲೆ ಈಗಲೂ ಕೋಪ ಉಂಟು. ಸುಮ್ನೆ ಹಟಕ್ಕೆ ಹೋಗಿ ಜೀವ ಕಳಕೊಂಡ್ರು, ಅಲ್ಲಿ ಅವರಿಲ್ಲದಿದ್ರೆ ಏನೂ ಆಗ್ತಿರಲಿಲ್ಲ ಅಂತಾಳೆ.”

ನಾನು ಕಾಫಿಯ ಲೋಟ ಕೆಳಗಿಟ್ಟೆ.

“ನೀನು ಪಕ್ಕದಲ್ಲೇ ಕೂತಿದ್ದವಳು. ನೀನು ಹೇಳಮ್ಮ. ಅವರು ಹೋಗಲೇಬೇಕಿತ್ತಾ?”

ಬೇಕಿರಲಿಲ್ಲ ಆಂಟಿ, ಒಂದು ದಿನವೂ ಬೇಕಿರಲಿಲ್ಲ, ನಿಮ್ಮ ಗಂಡ ನನಗೂ ಸುಳ್ಳು ಹೇಳಿದರು, ನಿಮಗೂ ಸುಳ್ಳು ಹೇಳಿದರು ಎಂದು ಕೂಗಬೇಕೆನ್ನಿಸಿತು. ಮಾತು ನಾಲಗೆಯ ತುದಿಯವರೆಗೆ ಬಂದಿತ್ತು.

“ಹೋಗಲೇಬೇಕಿತ್ತು ಆಂಟಿ,” ಎಂದೆ. “ಅವರು ಬರದೇ ಇದ್ದಿದ್ರೆ ಒಂದು ಕ್ಲಾಸೂ ನಡೀತಿರಲಿಲ್ಲ.”